ಕರಡಿಯ ಹೆಸರು ಹೇಳಬಾರದು

ರಷ್ಯಾದ ಮಾಜಿ ಅಧ್ಯಕ್ಷ ದಿಮಿತ್ರಿ ಮೆದ್ವೆದೆವ್ ಹೆಸರನ್ನು ನ್ಯೂಸ್‌ನಲ್ಲಿ ಕೇಳಿರ್ತೀರಿ. ಆ ಮನೆತನದ ಹೆಸರಿನ ಅರ್ಥ 'ಕರಡಿಯವನು'. ರಷ್ಯನ್‌ನಲ್ಲಿ ಮೆದ್ವೆದ್ ಅಂದ್ರೆ ಕರಡಿ. ಹಿಂದೆ ಯಾವಾಗಲೋ ಕರಡಿ ಅಂತ ಅಡ್ಡಹೆಸರಿದ್ದ ಒಬ್ಬನಿದ್ದ, ಅವನ ವಂಶದವರೆಲ್ಲ ಮೆದ್ವೆದೆವ್ ಆದರು.

ಇಷ್ಟೇ ಆಗಿದ್ದರೆ ಈ ವಾರದ ಅಂಕಣ ಇಲ್ಲಿಗೇ ಮುಗೀತಿತ್ತು. ಆದರೆ ಮೆದ್ವೆದ್ ಅನ್ನೋ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಕರಡಿಯೇ ಇಲ್ಲ! ಇರೋದು ಎರಡೇ ವಸ್ತು: ಜೇನು ಮತ್ತು ಊಟ. 'ಜೇನು ತಿನ್ನುವವನು' ಅನ್ನೋದು ಅದರ ಮೂಲ ಅರ್ಥ. ಹಾಗಾದ್ರೆ ಕರಡಿಯ ನಿಜವಾದ ಹೆಸರು ಎಲ್ಲಿ ಹೋಯ್ತು?

ಅದನ್ನು ಜನ ಹೇಳೋದನ್ನೇ ಬಿಟ್ಟರು. ಎಷ್ಟು ತಲೆಮಾರು ಬಿಟ್ಟರು ಅಂದ್ರೆ, ಕೊನೆಗೆ ಆ ಹೆಸರು ಏನಿತ್ತು ಅಂತ ನೆನಪಿಟ್ಟುಕೊಂಡವರು ಒಬ್ಬರೂ ಉಳೀಲಿಲ್ಲ.

ನಕ್ಷತ್ರ ಹಚ್ಚಿದ ಪದಗಳು

ರಷ್ಯನ್, ಉಕ್ರೇನಿಯನ್, ಪೋಲಿಷ್, ಝೆಕ್, ಸ್ಲೊವೀನ್, ಸರ್ಬಿಯನ್, ಬಲ್ಗೇರಿಯನ್ – ಇವೆಲ್ಲ ಸ್ಲಾವ್ ಭಾಷೆಗಳು, ಒಬ್ಬ ತಾಯಿಯ ಮಕ್ಕಳು. ಆ ತಾಯಿಗೆ ಪಂಡಿತರು ಇಟ್ಟ ಹೆಸರು ಮೂಲ ಸ್ಲಾವ್ ಭಾಷೆ. ಅದನ್ನು ಆಡುತ್ತಿದ್ದವರು ಒಂದು ಸಾಲನ್ನೂ ಬರೆದಿಡಲಿಲ್ಲ, ಯಾಕಂದ್ರೆ ಅವರಿಗೆ ಲಿಪಿಯೇ ಇರಲಿಲ್ಲ. 863ರ ಹೊತ್ತಿಗೆ ಸಿರಿಲ್ ಮತ್ತು ಮೆಥೋಡಿಯಸ್ ಅನ್ನೋ ಅಣ್ಣತಮ್ಮ ಕ್ರೈಸ್ತ ಗ್ರಂಥಗಳನ್ನು ಅನುವಾದಿಸೋಕೆ ಲಿಪಿ ಮಾಡಿಕೊಂಡು ಮೊರಾವಿಯಾಕ್ಕೆ ಹೋದಾಗ, ಮಕ್ಕಳು ಆಗಲೇ ಬೇರೆ ಬೇರೆ ಮನೆ ಮಾಡೋಕೆ ಶುರು ಮಾಡಿದ್ದರು.

ಬರೆದೇ ಇಲ್ಲದ ಭಾಷೆಯ ಪದ ನಮಗೆ ಹೇಗೆ ಗೊತ್ತು? ಇದನ್ನು ಕನ್ನಡದಲ್ಲೇ ನೋಡಬಹುದು. ನಾವು ಹಾಲು ಅಂತೀವಿ, ತಮಿಳಲ್ಲಿ ಪಾಲ್, ತೆಲುಗಲ್ಲಿ ಪಾಲು, ನಮ್ಮದೇ ಹಳಗನ್ನಡದಲ್ಲಿ ಪಾಲ್. ಒಟ್ಟಿಗೆ ಇಟ್ಟು ನೋಡಿದರೆ ಮೂಲ ದ್ರಾವಿಡದಲ್ಲಿ ಇದು ಪಕಾರದಿಂದಲೇ ಶುರುವಾಗ್ತಿತ್ತು, 'ಹ' ಮಾಡಿಕೊಂಡಿದ್ದು ನಾವು ಅಂತ ಗೊತ್ತಾಗುತ್ತೆ. ಪಲ್ಲು ಹಲ್ಲಾಯ್ತು, ಪುಲಿ ಹುಲಿಯಾಯ್ತು. ಬದಲಾವಣೆ ಒಂದೇ ನಿಯಮದಂತೆ ನಡೆಯೋದರಿಂದ ಹಿಂದಕ್ಕೂ ಲೆಕ್ಕ ಹಾಕಬಹುದು. ಹೀಗೆ ಲೆಕ್ಕ ಹಾಕಿ ಕಟ್ಟಿದ ಪದದ ಮುಂದೆ ಒಂದು ಪುಟ್ಟ ನಕ್ಷತ್ರ ಇಡ್ತಾರೆ. 19ನೇ ಶತಮಾನದ ಜರ್ಮನ್ ವಿದ್ವಾಂಸ ಆಗಸ್ಟ್ ಶ್ಲೈಖರ್ ರೂಢಿಗೆ ತಂದ ಪದ್ಧತಿ ಇದು. 'ಈ ಪದವನ್ನು ಯಾರೂ ಬರೆದಿದ್ದು ಸಿಕ್ಕಿಲ್ಲ, ಲೆಕ್ಕದಿಂದ ಬಂದಿದ್ದು' ಅಂತ ಆ ನಕ್ಷತ್ರದ ಅರ್ಥ.

ಈಗ ಕರಡಿಗೆ ಬರೋಣ. ರಷ್ಯನ್ ಮೆದ್ವೆದ್, ಸ್ಲೊವೀನ್ ಮೆದ್ವೆದ್, ಝೆಕ್ ಮೆದ್ವ್ಯೆತ್. ಪೋಲಿಷ್‌ನಲ್ಲಿ ಮೊದಲ 'ಮ' ಹೋಗಿ 'ನ' ಬಂದಿದೆ: ನ್ಯೆಜ್ವ್ಯೆಚ್. ಉಕ್ರೇನಿಯನ್ನರು ಪದದ ಹಿಂದುಮುಂದನ್ನೇ ಅದಲು ಬದಲು ಮಾಡಿ ವೆದ್ಮೀದ್ ಅಂತಾರೆ. ಸ್ಲಾವ್ ಅಲ್ಲದ ಹಂಗೇರಿಯನ್ನರೂ ಪಕ್ಕದ ಮನೆಯಿಂದ ಕಡ ತಂದು ಮೆದ್ವೆ ಅಂತಾರೆ. ಇವನ್ನೆಲ್ಲ ಸೇರಿಸಿ ಕಟ್ಟಿದ ಮೂಲ ರೂಪ *ಮೆದ್ವೇದಿ. ಕೊನೆಯ 'ಇ' ತುಂಬಾ ಚಿಕ್ಕದು, ಬಾಯಲ್ಲಿ ಬಂದೂ ಬಾರದ ಹಾಗೆ.

ಯಣ್ ಸಂಧಿ ನೆನಪಿದೆಯಾ?

ಮೊದಲ ಭಾಗ ಜೇನು. ಮೂಲ ಸ್ಲಾವ್‌ನಲ್ಲಿ ಜೇನಿಗೆ *ಮೆದು. ಲಿಥುವೇನಿಯನ್‌ನಲ್ಲಿ ಇವತ್ತಿಗೂ ಮೆದುಸ್. ಸಂಸ್ಕೃತದಲ್ಲಿ ಮಧು. ಗ್ರೀಕ್‌ನಲ್ಲಿ ಮೆಥು ಅಂದ್ರೆ ದ್ರಾಕ್ಷಾರಸ, ಇಂಗ್ಲಿಷ್‌ನಲ್ಲಿ ಮೀಡ್ ಅಂದ್ರೆ ಜೇನಿನಿಂದ ಮಾಡುವ ಮದ್ಯ. ಎಲ್ಲವೂ ಇಂಡೋ-ಯುರೋಪಿಯನ್ ಅನ್ನೋ ದೊಡ್ಡ ಕುಟುಂಬದ ಒಂದೇ ಪದದ ಮರಿಗಳು. ಕನ್ನಡ ಆ ಕುಟುಂಬದ್ದಲ್ಲ. ನಮ್ಮ ಸ್ವಂತ ಪದ ಜೇನು. ಮಧು ನಮಗೆ ಸಂಸ್ಕೃತದಿಂದ ಬಂದಿದ್ದು.

ಎರಡನೇ ಭಾಗ ತಿನ್ನು ಅನ್ನೋ ಕ್ರಿಯೆ: *ಏದ್. ಸಂಸ್ಕೃತದಲ್ಲಿ ಅದ್. ಈ ಧಾತು ನಿಮಗೆ ಗೊತ್ತಿಲ್ಲ ಅನ್ನಿಸಬಹುದು, ಆದರೆ ಅದರ ಮಗುವನ್ನು ದಿನಾ ಎರಡು ಹೊತ್ತು ತಟ್ಟೆಗೆ ಬಡಿಸಿಕೊಳ್ತೀರಿ. ಅನ್ನ ಅನ್ನೋ ಪದ ಬಂದಿದ್ದು ಈ 'ಅದ್' ಧಾತುವಿನಿಂದಲೇ, ತಿನ್ನುವಂಥದ್ದು ಅನ್ನ. ಸ್ಲಾವ್‌ನಲ್ಲಿ ಸ್ವರ ದೀರ್ಘವಾಗಿರೋದಕ್ಕೂ ಕಾರಣ ಇದೆ. ಸ್ಲಾವ್ ಮತ್ತು ಬಾಲ್ಟಿಕ್ ಭಾಷೆಗಳಲ್ಲಿ ಹಳೆಯ 'ದ' ಥರದ ಅಲ್ಪಪ್ರಾಣ ವ್ಯಂಜನದ ಹಿಂದಿನ ಸ್ವರ ಹಿಗ್ಗುತ್ತೆ. ಇದನ್ನು ಗುರುತಿಸಿದವರು ವೆರ್ನರ್ ವಿಂಟರ್, 1970ರ ದಶಕದಲ್ಲಿ. ಅವರ ಹೆಸರಲ್ಲೇ ಇದು ವಿಂಟರ್ ನಿಯಮ.

ಈಗ ಮಧ್ಯದ 'ವ' ಎಲ್ಲಿಂದ ಬಂತು? ಹೈಸ್ಕೂಲಿನ ವ್ಯಾಕರಣ ನೆನಪು ಮಾಡಿಕೊಳ್ಳಿ. ಮನು + ಅಂತರ = ಮನ್ವಂತರ. ಗುರು + ಆಜ್ಞೆ = ಗುರ್ವಾಜ್ಞೆ. ಉಕಾರದ ಮುಂದೆ ಬೇರೆ ಸ್ವರ ಬಂದರೆ ಉಕಾರ ಹೋಗಿ 'ವ' ಬರುತ್ತೆ, ಅದೇ ಯಣ್ ಸಂಧಿ. *ಮೆದು + *ಏದ್ ಸೇರಿದಾಗಲೂ ಆಗಿದ್ದು ಅದೇ: ಮೆದ್ವೇದ್. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಂಧಿ ಮಾಸ್ಕೋದ ಕರಡಿಯೊಳಗೂ ಕೂತಿದೆ.

ಸಂಸ್ಕೃತದಲ್ಲೂ ಇದರ ಜೋಡಿ ಪದ ಇದೆ: ಮಧ್ವದ, ಮಧುವನ್ನು ತಿನ್ನುವವನು. ಋಗ್ವೇದದಲ್ಲಿ ಮರದ ಮೇಲಿನ ಹಕ್ಕಿಗಳಿಗೆ, ಕಠೋಪನಿಷತ್ತಿನಲ್ಲಿ ಜೀವಾತ್ಮನಿಗೆ ಈ ಮಾತು ಬಳಸಿದ್ದಾರೆ. ಅದೇ ಎರಡು ತುಂಡು ಜೋಡಿಸಿ ಇಲ್ಲಿನವರು ಆತ್ಮವನ್ನು ಕರೆದರು, ಅಲ್ಲಿನವರು ಕರಡಿಯನ್ನು.

ಇಲ್ಲಿ ಒಂದು ಎಚ್ಚರಿಕೆ. ಸ್ಲಾವ್ ಭಾಷೆಗಳಲ್ಲಿ 'ವೇದ್' ಅಂದ್ರೆ ತಿಳಿ ಅಂತಲೂ ಇದೆ, ನಮ್ಮ ವೇದದ ಧಾತುವೇ ಅದು. ಹಾಗಾಗಿ ಮೆದ್ವೆದ್ ಅಂದ್ರೆ 'ಜೇನು ಬಲ್ಲವನು' ಅಂತ ರಷ್ಯನ್ನರೇ ಎಷ್ಟೋ ಜನ ನಂಬಿದ್ದಾರೆ. ನಮ್ಮವರಿಗೆ ಸಿಕ್ಕರಂತೂ 'ಮಧುವೇದಿ' ಅಂತ ಫಾರ್ವರ್ಡ್ ಆಗಿಬಿಡುತ್ತೆ! ಆದರೆ ಜೇನಿನ ಮುಂದೆ ವ್ಯಂಜನ ಬಂದರೆ ಸ್ಲಾವ್ ಸಮಾಸದಲ್ಲಿ ಸಾಮಾನ್ಯವಾಗಿ ನಡುವೆ ಒಂದು ಸ್ವರ ಉಳಿಯುತ್ತೆ. ಜೇನುಮದ್ಯ ಕಾಯಿಸುವವನಿಗೆ ರಷ್ಯನ್‌ನಲ್ಲಿ ಮೆದೊವಾರ್, 'ಮೆದ್ವಾರ್' ಅಲ್ಲ. ಉಕಾರ 'ವ' ಆಗೋದು ಮುಂದೆ ಸ್ವರ ಇದ್ದಾಗ ಮಾತ್ರ. ಆದ್ದರಿಂದ ಒಡೆಯಬೇಕಾದ್ದು ಮೆದ್ವ್ + ಏದ್ ಅಂತಲೇ. ಕರಡಿ ಜೇನಿನ ಬಗ್ಗೆ ಪಿಎಚ್‌ಡಿ ಮಾಡಿಲ್ಲ, ತಿಂದಿದೆ ಅಷ್ಟೆ.

ಹರಿಃ, ಹರೀ, ಹರಯಃ

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ ಸಂಸ್ಕೃತ ತಗೊಂಡವರು ಈ ಭಾಗ ಓದಿ ನಗಬಹುದು. *ಮೆದ್ವೇದಿ ಒಂದು ಇಕಾರಾಂತ ಪುಲ್ಲಿಂಗ ಶಬ್ದ. ಹೌದು, ಹರಿ ಮತ್ತು ಅಗ್ನಿ ಶಬ್ದಗಳ ಜಾತಿಯದ್ದೇ.

ಮೂಲ ಸ್ಲಾವ್‌ನಲ್ಲಿ ಸಂಬೋಧನೆ ಸೇರಿ ಏಳು ವಿಭಕ್ತಿ, ಮೂರು ವಚನ. ಏಕವಚನದಲ್ಲಿ 'ಕರಡಿಯು', 'ಕರಡಿಯನ್ನು' ಎರಡಕ್ಕೂ *ಮೆದ್ವೇದಿ. 'ಕರಡಿಯ', 'ಕರಡಿಗೆ', 'ಕರಡಿಯಲ್ಲಿ', 'ಎಲೈ ಕರಡಿಯೇ' ನಾಲ್ಕಕ್ಕೂ ಕೊನೆ ಸ್ವರ ಎಳೆದು *ಮೆದ್ವೇದೀ. 'ಕರಡಿಯಿಂದ' ಅನ್ನೋದಕ್ಕೆ *ಮೆದ್ವೇದಿಮಿ. ಇಬ್ಬರಿದ್ದರೆ ದ್ವಿವಚನ *ಮೆದ್ವೇದೀ. ಸಂಸ್ಕೃತದ 'ಹರೀ' ನೆನಪಾಯ್ತಾ?

ಬಹುವಚನದಲ್ಲಿ ಪ್ರಥಮಾ *ಮೆದ್ವೇದಿಯೆ, ಅತ್ತ ಹರಯಃ. ತೃತೀಯಾ *ಮೆದ್ವೇದಿಮೀ, ಅತ್ತ ಹರಿಭಿಃ. ಸಂಸ್ಕೃತದ 'ಭ' ಇದ್ದಲ್ಲಿ ಸ್ಲಾವ್‌ನಲ್ಲಿ 'ಮ'. ಸಪ್ತಮೀ *ಮೆದ್ವೇದಿಖು, ಅತ್ತ ಹರಿಷು.

ಈ ಕೊನೆಯ ಜೋಡಿ ನನಗೆ ತುಂಬಾ ಇಷ್ಟ. ಲತಾಸು ಅನ್ನುವಾಗ 'ಸು', ಹರಿಷು ಅನ್ನುವಾಗ ಮಾತ್ರ 'ಷು' ಯಾಕೆ ಅಂತ ಮೇಷ್ಟ್ರನ್ನು ಕೇಳಿದ್ದರೆ 'ಇಕಾರದ ನಂತರ ಸಕಾರ ಷಕಾರ ಆಗುತ್ತೆ' ಅಂದಿರ್ತಾರೆ. ಸ್ಲಾವ್‌ನಲ್ಲೂ ಅದೇ ಜಾಗದಲ್ಲಿ ಸಕಾರ ಬದಲಾಗುತ್ತೆ, ಅಲ್ಲಿ 'ಖ' ಥರದ ಧ್ವನಿಯಾಗಿ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದೇ ಸ್ಥಳದಲ್ಲಿ ತಿರುವು ತಗೊಂಡಿವೆ. ಹೀಗೆ ಒಂದೇ ಕಡೆ ತಿರುಗಿದ ಹೆಜ್ಜೆಗಳನ್ನು ನೋಡಿಯೇ ಭಾಷಾಶಾಸ್ತ್ರಜ್ಞರು ಸಂಬಂಧ ಗುರುತಿಸೋದು, ಕೇಳೋಕೆ ಒಂದೇ ಥರ ಇರುವ ಎರಡು ಪದ ಸಿಕ್ಕಿತು ಅಂತ ಅಲ್ಲ.

ಈ ಜಾತಿಯ ಪದಗಳಿಗೆ ಆಮೇಲೆ ಏನಾಯ್ತು? ಸುಮಾರು 10ರಿಂದ 12ನೇ ಶತಮಾನದ ಹೊತ್ತಿಗೆ ಆ ಪುಟಾಣಿ 'ಇ', 'ಉ'ಗಳು ಬಹಳ ಕಡೆ ಬಾಯಿಂದ ಉದುರಿದವು. ನಾವು ಮಾಡಿದನು ಅನ್ನೋದನ್ನು ಮಾಡ್ದ ಅಂದ ಹಾಗೆ. ಇವತ್ತಿನ ರಷ್ಯನ್ ಮೆದ್ವೆದ್‌ನ ಕೊನೆಯ 'ದ್' ಸ್ವಲ್ಪ ಮೆತ್ತಗೆ, 'ದ್ಯ್' ಥರ ಕೇಳೋದು ಉದುರಿಹೋದ ಆ ಇಕಾರದ ನೆರಳು. ಗುರುತು ಹೋದ ಮೇಲೆ ಇಕಾರಾಂತ ಪುಲ್ಲಿಂಗದ ಪದಗಳು ಒಂದೊಂದಾಗಿ ಬೇರೆ ಗುಂಪಿಗೆ ಸೇರಿಕೊಂಡವು. ರಷ್ಯನ್‌ನಲ್ಲಿ 'ಕರಡಿಯ' ಅನ್ನೋಕೆ ಈಗ ಮೆದ್ವೆದ್ಯಾ. ಬೆಂಕಿ ಅನ್ನೋ ಪದವೂ (ಅಗ್ನಿಯ ನಂಟ, ರಷ್ಯನ್‌ನಲ್ಲಿ ಒಗೊನ್) ಹಾಗೇ ಜಾಗ ಬದಲಿಸಿತು. ಹಳೆಯ ರೂಪವನ್ನು ಕಾಪಾಡಿಕೊಂಡಿರೋ ಪುಲ್ಲಿಂಗ ಪದ ರಷ್ಯನ್‌ನಲ್ಲಿ ಒಂದೇ: ಪೂತ್, ದಾರಿ. ಅದು ನಮ್ಮ 'ಪಥ'ದ ಬಂಧು, ಅದರ ಷಷ್ಠಿ ಇವತ್ತಿಗೂ ಪುತೀ. ದ್ವಿವಚನ ಬೇಕಿದ್ದವರು ಸ್ಲೊವೇನಿಯಾಗೆ ಹೋಗಬೇಕು. ಅಲ್ಲಿ ಒಂದು ಕರಡಿಗೆ ಮೆದ್ವೆದ್, ಎರಡಕ್ಕೆ ಮೆದ್ವೆದಾ, ಹೆಚ್ಚಾದರೆ ಮೆದ್ವೆದಿ. ಪರೀಕ್ಷೆ ಮುಗಿದ ತಕ್ಷಣ ನಾವು ಮರೆತ ದ್ವಿವಚನವನ್ನು ಅಲ್ಲಿಯ ಮಕ್ಕಳು ಮನೆಯಲ್ಲೇ ಕಲಿತಾರೆ.

ನಿಜವಾದ ಹೆಸರು

ಇಂಡೋ-ಯುರೋಪಿಯನ್ ಕುಟುಂಬಕ್ಕೆ ಕರಡಿಗೊಂದು ಒಳ್ಳೆಯ ಹಳೆಯ ಪದ ಇತ್ತು. ಸಂಸ್ಕೃತದಲ್ಲಿ ಅದು ಋಕ್ಷ. ರಾಮಾಯಣದ ಜಾಂಬವಂತ ಋಕ್ಷರಾಜ. ಗ್ರೀಕ್‌ನಲ್ಲಿ ಆರ್ಕ್ತೊಸ್, ಲ್ಯಾಟಿನ್‌ನಲ್ಲಿ ಉರ್ಸುಸ್, ವೆಲ್ಷ್‌ನಲ್ಲಿ ಆರ್ಥ್. ನಾವು ಸಪ್ತರ್ಷಿಮಂಡಲ ಅನ್ನೋ ನಕ್ಷತ್ರಗಳನ್ನು ಗ್ರೀಕರು ಕರಡಿ ಅಂದರು, ವೇದದಲ್ಲೂ ಅವು ಋಕ್ಷಗಳೇ. ಆ ನಕ್ಷತ್ರಗಳಿರುವ ಉತ್ತರ ದಿಕ್ಕು ಆರ್ಕ್ಟಿಕ್ ಆಯ್ತು.

ಗಮನಿಸಿ: ಹೆಸರು ಉಳಿದಿದ್ದು ಭಾರತ, ಗ್ರೀಸ್, ಇಟಲಿಯಂಥ ಕಡೆ. ಕಾಡು ದಟ್ಟವಾಗಿದ್ದ ಉತ್ತರ ಯುರೋಪಿನಲ್ಲಿ ಸ್ಲಾವ್, ಬಾಲ್ಟಿಕ್, ಜರ್ಮಾನಿಕ್ ಮೂರೂ ಗುಂಪುಗಳು ಆ ಹೆಸರನ್ನು ಕಳಕೊಂಡಿವೆ. ಇಂಗ್ಲಿಷ್‌ನ ಬೇರ್ ಅನ್ನೋದಕ್ಕೆ 'ಕಂದು ಬಣ್ಣದವನು' ಅಂತ ಮೂಲ ಹೇಳೋದು ರೂಢಿ. ಬೇರೆಯೇ ಕುಟುಂಬದ ಫಿನ್ನಿಷ್ ಭಾಷೆಯಲ್ಲೂ ಕರಡಿಗೆ 'ಜೇನಿನ ಅಂಗೈಯವನು' ಅನ್ನೋ ಹೆಸರಿದೆ. ಇದಕ್ಕೆ ಹೆಚ್ಚಿನ ವಿದ್ವಾಂಸರು ಒಪ್ಪುವ ಕಾರಣ ಭಯ. ಫ್ರೆಂಚ್ ಭಾಷಾಶಾಸ್ತ್ರಜ್ಞ ಆಂತ್ವಾನ್ ಮೆಯೆ 1906ರಲ್ಲೇ ಇದರ ಬಗ್ಗೆ ಬರೆದರು. ಹೆಸರು ಹೇಳಿದರೆ ಕೇಳಿಸಿಕೊಂಡು ಬಂದುಬಿಡುತ್ತೆ. ಹಾಗಾಗಿ ಬೇಟೆಗೆ ಹೊರಟವರು, ಕಾಡಂಚಿನಲ್ಲಿ ದನ ಕಾಯುವವರು 'ಅವನು', 'ಆ ಜೇನು ತಿನ್ನೋನು' ಅಂತ ಸುತ್ತುಬಳಸಿ ಹೇಳಿದರು. ಮಕ್ಕಳು ಕೇಳಿದ್ದು ಸುತ್ತುಬಳಸಿನ ಮಾತನ್ನು ಮಾತ್ರ. ಅವರಿಗೆ ಅದೇ ಹೆಸರಾಯ್ತು.

ರಷ್ಯನ್ ಇಂಟರ್ನೆಟ್‌ನಲ್ಲಿ ಒಂದು ಕಥೆ ಓಡಾಡುತ್ತೆ: ಕರಡಿಯ ಗುಹೆಗೆ ರಷ್ಯನ್‌ನಲ್ಲಿ ಬೆರ್ಲೋಗಾ ಅಂತಾರೆ, ಅಂದಮೇಲೆ ಕರಡಿಯ ಗುಪ್ತ ಹೆಸರು 'ಬೆರ್', ಇಂಗ್ಲಿಷ್ ಬೇರ್ ಥರವೇ ಅಂತ. ಕೇಳೋಕೆ ಚೆನ್ನಾಗಿದೆ, ನಿಲ್ಲೋದಿಲ್ಲ. ದಕ್ಷಿಣದ ಸ್ಲಾವ್ ಭಾಷೆಗಳಲ್ಲಿ ಅದೇ ಪದ ಹಂದಿ ಮಲಗೋ ಕೊಳಕು ಜಾಗಕ್ಕೂ ಇದೆ. ಅಷ್ಟೇ ಅಲ್ಲ, ಇಂಗ್ಲಿಷಿನ ಬೇರ್ ಕೂಡ ಮುಸುಕು ಹಾಕಿದ ಹೆಸರೇ. ಒಂದು ಮುಸುಕು ತೋರಿಸಿ ಇನ್ನೊಂದು ಮುಸುಕಿನ ಹಿಂದಿನ ಮುಖ ಇದೇ ಅನ್ನೋಕಾಗಲ್ಲ.

ತಮಾಷೆ ಅಂದ್ರೆ ಮುಸುಕೂ ಬಹಳ ದಿನ ಬಾಳೋದಿಲ್ಲ. ಮೆದ್ವೆದ್ ಅಂದಾಗಲೂ ಕರಡಿಯೇ ಕಣ್ಮುಂದೆ ಬರೋಕೆ ಶುರುವಾದ ಮೇಲೆ ಆ ಪದಕ್ಕೂ ಭಯ ಅಂಟಿತು. ರಷ್ಯನ್ನರು ಮಿಶಾ ಅಂತ ಮನುಷ್ಯರ ಮುದ್ದು ಹೆಸರಿಟ್ಟರು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಲಾಂಛನ ಕರಡಿಯೂ ಮಿಶಾನೇ. ಇನ್ನು ಕೆಲವರು 'ಸೊಟ್ಟಗಾಲಿನವನು' ಅಂದರು, ಕೆಲವರು 'ಯಜಮಾನ' ಅಂದರು. ಬಲ್ಗೇರಿಯನ್ನರು ಮೆಚ್ಕಾ ಅನ್ನೋ ಮುದ್ದಿನ ರೂಪಕ್ಕೆ ಹೋದರು.

ನಮ್ಮ ದರೋಜಿಯ ಕರಡಿಧಾಮದಲ್ಲಿರೋ ಕರಡಿಗೂ ವಿಜ್ಞಾನಿಗಳು ಇಟ್ಟ ಹೆಸರು ಮೆಲುರ್ಸುಸ್: ಲ್ಯಾಟಿನ್‌ನಲ್ಲಿ ಮೆಲ್ ಅಂದ್ರೆ ಜೇನು, ಉರ್ಸುಸ್ ಅಂದ್ರೆ ಕರಡಿ. ಇಲ್ಲಿ ಭಯವಿಲ್ಲ, ವರ್ಣನೆ ಅಷ್ಟೆ. ಆದರೂ ಜೇನು ಮಾತ್ರ ಕರಡಿಯ ಬೆನ್ನು ಬಿಟ್ಟಿಲ್ಲ.

ನಮ್ಮ ಕರಡಿಗಳು

ಇದನ್ನೆಲ್ಲ ಅನಾಗರಿಕರ ಮೂಢನಂಬಿಕೆ ಅಂತ ನಗೋ ಮುಂಚೆ ನಮ್ಮ ಮನೆ ಕಡೆ ನೋಡೋಣ. ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು. ದೀಪ ಹಚ್ಚಿದ ಮೇಲೆ ಉಪ್ಪು ಕೇಳಬಾರದು, ರುಚಿ ಅನ್ನಬೇಕು. ಬಳೆ ಒಡೆಯೋದಿಲ್ಲ, ಹೆಚ್ಚುತ್ತೆ. ಹೊರಡುವಾಗ ಹೋಗ್ತೀನಿ ಅನ್ನಂಗಿಲ್ಲ, ಹೋಗಿ ಬರ್ತೀನಿ. ಮೈಮೇಲೆ ಗುಳ್ಳೆ ಎದ್ದರೆ ಅದು ಕಾಯಿಲೆ ಅಲ್ಲ, 'ಅಮ್ಮ'. ಸಿಡುಬಿನಿಂದ ಊರೂರೇ ಖಾಲಿಯಾಗುತ್ತಿದ್ದ ಕಾಲದಲ್ಲಿ ಅದನ್ನು ಅಮ್ಮ ಅಂತ ಕರೆದ ಜನರಿಗೂ, ಕರಡಿಯನ್ನು ಜೇನು ತಿನ್ನೋನು ಅಂದ ಜನರಿಗೂ ಏನು ವ್ಯತ್ಯಾಸ? ಕೈಯಲ್ಲಿ ಬೇರೆ ಆಯುಧ ಇರಲಿಲ್ಲ. ಇದ್ದಿದ್ದು ಮಾತೊಂದೇ.

ಹಾಗಂತ ಎಲ್ಲ ಮುಸುಕೂ ಒಂದೇ ಥರದ್ದಲ್ಲ. ಈಗ ಆಫೀಸಿನಲ್ಲಿ ಕೆಲಸದಿಂದ ತೆಗೆಯೋದಿಲ್ಲ, 'ರೀಸ್ಟ್ರಕ್ಚರಿಂಗ್' ಆಗುತ್ತೆ, 'ರೈಟ್‌ಸೈಜಿಂಗ್' ಆಗುತ್ತೆ. ಮೇಲ್ ಓದಿದವರಿಗೆ ಆ ಪದ ಕಂಡ ಕೂಡಲೇ ಹೊಟ್ಟೆ ತೊಳಸುತ್ತೆ. ಮುಸುಕಿಗೆ ಆಗಲೇ ಕರಡಿಯ ವಾಸನೆ ಹತ್ತಿದೆ. ಇನ್ನೂ ಸ್ವಲ್ಪ ದಿನಕ್ಕೆ ಹೊಸ ಪದ ಬರುತ್ತೆ. ಒಂದು ವ್ಯತ್ಯಾಸ ಮಾತ್ರ ಇದೆ. ಕಾಡಿನವರು ಹೆಸರು ಮುಚ್ಚಿಟ್ಟಿದ್ದು ತಾವು ಹೆದರಿದ್ದರಿಂದ. ಇಲ್ಲಿ ಮುಚ್ಚಿಡೋದು ಹೆದರಿಸುವ ಕಡೆಯವರೇ.

ಮನೆಯಲ್ಲೂ ಹಾಗೇ. ದೊಡ್ಡವರಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಎಷ್ಟೋ ಮನೆಗಳಲ್ಲಿ ಆ ಪದ ನಿಂತುಹೋಗುತ್ತೆ. 'ಆ ಕಾಯಿಲೆ', 'ದೊಡ್ಡ ಕಾಯಿಲೆ', ಕೊನೆಗೆ ಬರೀ 'ಅದು'. ಪ್ರೀತಿಯಿಂದಲೇ ಮಾಡ್ತೀವಿ, ಒಪ್ಪೋಣ. ಆದರೆ ಕಾಯಿಲೆ ಬಂದವರಿಗೆ ಪ್ರಶ್ನೆ ಕೇಳೋಕೆ ಹೆಸರು ಬೇಕಾಗುತ್ತೆ. ಡಾಕ್ಟರ ಹತ್ತಿರ ಮಾತಾಡೋಕೆ, ಭಯ ಹೇಳಿಕೊಳ್ಳೋಕೆ, ಆಸ್ತಿಪಾಸ್ತಿ ವಿಚಾರ ಮುಗಿಸಿಕೊಳ್ಳೋಕೂ ಬೇಕಾಗುತ್ತೆ. ಸುತ್ತಲಿರುವ ಎಲ್ಲರೂ ಒಂದು ಪದವನ್ನು ನುಂಗಿಕೊಂಡರೆ ಅವರು ಒಬ್ಬರೇ ಅದರ ಜೊತೆ ಉಳೀತಾರೆ. ಕರಡಿಯ ಹೆಸರು ಬಿಟ್ಟಿದ್ದರಿಂದ ಕರಡಿ ಕಾಡು ಬಿಟ್ಟು ಹೋಗಲಿಲ್ಲವಲ್ಲ.

ಇನ್ನೊಂದು ಮಾತು. ಮೂಲ ಸ್ಲಾವ್ ಭಾಷೆಯ ವಿಭಕ್ತಿ, ವಚನ, ಬಾಯಲ್ಲಿ ಬಂದೂ ಬಾರದ ಸ್ವರ, ಎಲ್ಲವನ್ನೂ ಮಕ್ಕಳ ಭಾಷೆಗಳಿಂದ ಲೆಕ್ಕ ಹಾಕಿ ತೆಗೆಯೋಕೆ ಆಯ್ತು. ಎಲ್ಲರೂ ಸೇರಿ ಹೇಳದೇ ಬಿಟ್ಟ ಆ ಒಂದು ಪದವನ್ನು ಮಾತ್ರ ಯಾವ ಮಗುವೂ ಇಟ್ಟುಕೊಂಡಿಲ್ಲ.

ಆದ್ದರಿಂದ ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿನೋ ಅತ್ತೆನೋ ಸಿಕ್ಕರೆ ಕೇಳಿ ನೋಡಿ: ನಿಮ್ಮ ಕಾಲದಲ್ಲಿ ರಾತ್ರಿ ಹೇಳಬಾರದು ಅಂತಿದ್ದ ಪದ ಯಾವುದು, ಅದರ ಬದಲು ಏನಂತಿದ್ರಿ? ಹಗಲು ಹೊತ್ತಲ್ಲೇ ಕೇಳಿ, ಇಲ್ಲದಿದ್ರೆ ಬೈಸಿಕೊಳ್ತೀರಿ. ಸಿಕ್ಕ ಎರಡೂ ಪದಗಳನ್ನು, ಮುಸುಕನ್ನೂ ಮುಖವನ್ನೂ, ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ನಮಗೂ ಕಳಿಸಿ.